ಹೊಟ್ಟೆಗೂ ಸ್ಟೀರಿಂಗಿಗೂ ನಡುವಿನ ಜಾಗ

ಐವತ್ತಮೂರನೆಯ ವಯಸ್ಸಿನಲ್ಲಿ ನಾನೊಂದು ಸ್ಪೋರ್ಟ್ಸ್ ಕಾರು ಕೊಂಡೆ. ಶಿಕಾರಿಪುರದಲ್ಲಿ ನೀರೆತ್ತುವ ಪಂಪುಸೆಟ್ಟು, ಬೆಳೆಗೆ ಔಷಧಿ ಹೊಡೆಯುವ ಸ್ಪ್ರೇಯರು ಮಾರುವ ಅಂಗಡಿ ನನ್ನದು. ಅಂಗಡಿಯಿಂದ ಮನೆಗೆ ಒಂದು ಕಿಲೋಮೀಟರ್ ಕೂಡ ಇಲ್ಲ; ಅಷ್ಟರಲ್ಲೇ ಐದು ರೋಡ್ ಹಂಪು. ಇಂಥವನಿಗೆ ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡು ಓಡುವ ಕೆಂಪು ಕಾರು ಯಾಕೆ ಬೇಕಿತ್ತು ಎಂದು ಕೇಳಿದವರಿಗೆಲ್ಲ "ಬಹಳ ವರ್ಷದ ಆಸೆ" ಎಂದು ಹೇಳುತ್ತಿದ್ದೆ. ಅದು ಸುಳ್ಳು. ಆಸೆ ಹುಟ್ಟಿ ಮೂರು ವಾರವೂ ಆಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಪಂಪು ಮಾರುವ ಡೀಲರುಗಳದ್ದೊಂದು ಸಭೆ ಇತ್ತು. ಅಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರಾದ, ಕಡ್ಡಿಯಂಥ ಡೀಲರೊಬ್ಬರು ಈ ಕಾರಿನಿಂದ ಇಳಿದರು. ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಅವರಿಗೆ ಸೆಲ್ಯೂಟ್ ಹೊಡೆದ. ಅವರ ಹಿಂದೆಯೇ ಆಟೋದಿಂದ ಇಳಿದ ನನಗೆ ಹೊಡೆಯಲಿಲ್ಲ. ಅಷ್ಟೇ ಕಾರಣ.

ಊಟದ ಹೊತ್ತಿಗೆ ಅವರು ಕಾರು ಮಾರುವುದಿದೆ ಎಂದರು. ಯಾಕೆ ಮಾರುತ್ತೀರಿ ಎಂದು ನಾನು ಕೇಳಲಿಲ್ಲ. ಪಂಪು ಕೊಳ್ಳಲು ಬರುವ ರೈತ ಅರ್ಧ ದಿನ ಕೂತು ಪ್ರಶ್ನೆ ಕೇಳುತ್ತಾನೆ. ಅವನಿಗೆ ಉತ್ತರ ಹೇಳಿ ಹೇಳಿ ಸಾಕಾದ ನಾನು, ನನ್ನ ಸರದಿ ಬಂದಾಗ ಒಂದೂ ಪ್ರಶ್ನೆ ಕೇಳದೆ ತಲೆಯಾಡಿಸಿದೆ.

ಕಾರು ಮನೆಗೆ ಬಂದ ದಿನ ನನ್ನ ಹೆಂಡತಿ ಅದರ ಸುತ್ತ ಒಂದು ಸುತ್ತು ಹಾಕಿದಳು. ಅವಳು ಶಿರಾಳಕೊಪ್ಪದ ಆಚೆಗಿನ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಯಾವುದನ್ನೇ ನೋಡಲಿ, ತಪಾಸಣೆಗೆ ಬಂದವರ ಹಾಗೆ ನೋಡುತ್ತಾಳೆ.

"ಹಿಂದಿನ ಸೀಟು ಎಲ್ಲಿ?"

"ಇಲ್ಲ. ಇದು ಸ್ಪೋರ್ಟ್ಸ್ ಕಾರು."

"ತರಕಾರಿ ಚೀಲ ಎಲ್ಲಿಡೋದು?"

"ನಿನ್ನ ತೊಡೆ ಮೇಲೆ."

ಅವಳು ಒಳಗೆ ಹೋದಳು. ಮರುದಿನವೂ ಎಂದಿನ ಹಾಗೆ ನಮ್ಮ ಹಳೆಯ ಚಿಕ್ಕ ಕಾರನ್ನು ತಾನೇ ಓಡಿಸಿಕೊಂಡು ಶಾಲೆಗೆ ಹೋದಳು.

ಕಾರಿನ ಒಳಗೆ ಹೋಗುವುದೇ ಒಂದು ಕೆಲಸ. ಮೊದಲು ಎಡಗಾಲು, ಆಮೇಲೆ ತಲೆ, ಕೊನೆಗೆ ಉಳಿದದ್ದನ್ನೆಲ್ಲ ಒಟ್ಟಿಗೆ ಬಿಡಬೇಕು. ಬಿದ್ದ ಮೇಲೆ ಬಾಗಿಲು ಹಾಕಿಕೊಂಡು ಎದುರಿಗೆ ನೋಡಿದರೆ, ಸ್ಟೀರಿಂಗು ನನ್ನ ಅಂಗಿಯ ನಾಲ್ಕನೆಯ ಗುಂಡಿಯ ಮೇಲೆ ಕೂತಿತ್ತು. ಎಡಕ್ಕೆ ತಿರುಗಿಸಿದರೆ ಅಂಗಿಯೂ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಸೀಟಿನ ಕೆಳಗಿದ್ದ ಸರಳು ಎಳೆದು ಹಿಂದಕ್ಕೆ ಸರಿಯಲು ನೋಡಿದೆ. ಸೀಟು ಅಲ್ಲಾಡಲಿಲ್ಲ. ಸ್ಪೋರ್ಟ್ಸ್ ಕಾರಿನ ಸೀಟು ಹೀಗೇ ಇರಬೇಕು ಎಂದುಕೊಂಡು ಸುಮ್ಮನಾದೆ.

ಹೊಟ್ಟೆ ಕರಗಿಸಿ ಎಂದು ಡಾಕ್ಟರು ಹೇಳುತ್ತಾ ಬಂದು ಆರು ವರ್ಷವಾಗಿತ್ತು. ಬೆಳಿಗ್ಗೆ ಕೆರೆಯ ಕಡೆ ನಡೆಯಿರಿ, ಮಂಡಕ್ಕಿ ಮೆಣಸಿನಕಾಯಿ ಬಿಡಿ ಎನ್ನುತ್ತಿದ್ದರು. ನಾನು ಎರಡರ ಬಗ್ಗೆಯೂ ಗಂಭೀರವಾಗಿ ಯೋಚಿಸಿ, ಸ್ಟೀರಿಂಗು ಚಿಕ್ಕದು ಮಾಡಿಸುವುದೇ ಸರಿ ಎಂದು ತೀರ್ಮಾನಿಸಿದೆ.

ಒಂದು ವಾರ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಸ್ಟೀರಿಂಗು ಬದಲಾಯಿಸುವ ವಿಡಿಯೋಗಳನ್ನೇ ನೋಡಿದೆ. ಕಂಪನಿಯವರು ಕೊಟ್ಟ ಸ್ಟೀರಿಂಗು ಬಿಚ್ಚಿ ಬೇರೆ ಹಾಕುವವರು ಲೋಕದಲ್ಲಿ ಎಷ್ಟೊಂದು ಜನ ಇದ್ದಾರೆ ಎಂದು ತಿಳಿದದ್ದು ಆಗ. ಎಲ್ಲರೂ ತೆಳ್ಳಗಿನ ಹುಡುಗರು. ಹಿಡಿತ ಚೆನ್ನಾಗಿರುತ್ತದೆ, ರಸ್ತೆ ಕೈಗೆ ಗೊತ್ತಾಗುತ್ತದೆ ಎಂದೆಲ್ಲ ಹೇಳುತ್ತಿದ್ದರು. ಹೊಟ್ಟೆಯ ಮಾತನ್ನು ಒಬ್ಬನೂ ಎತ್ತಲಿಲ್ಲ. ಕೊನೆಗೆ ಒಂದನ್ನು ಆರಿಸಿ ತರಿಸಿದೆ. ಕಪ್ಪು ಮೆತ್ತನೆಯ ಚರ್ಮ, ಮೇಲೆ ಕೆಂಪು ಪಟ್ಟಿ, ಮೂರು ಕಡ್ಡಿ, ಕಡ್ಡಿಯಲ್ಲಿ ಗುಂಡಗಿನ ತೂತುಗಳು. ಮುಖ್ಯವಾಗಿ ಅದರ ಕೆಳಭಾಗ ಗುಂಡಗಿರಲಿಲ್ಲ; ಚಪ್ಪಟೆಯಾಗಿತ್ತು. ಆ ಚಪ್ಪಟೆ ಜಾಗವನ್ನು ನನಗಾಗಿಯೇ ಬಿಟ್ಟ ಹಾಗಿತ್ತು.

ಶಿರಾಳಕೊಪ್ಪ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಮೆಕ್ಯಾನಿಕ್ ಹೆಚ್ಚಾಗಿ ಟ್ರ್ಯಾಕ್ಟರು ನೋಡುವವನು. ನನ್ನ ಅಂಗಡಿಯ ಹಳೆಯ ಗಿರಾಕಿ. ಹೊಸ ಸ್ಟೀರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಕಂಪ್ನಿ ಸ್ಟೀರಿಂಗ್‌ಗೆ ಏನಾಗೈತ್ರಿ?"

"ಏನೂ ಆಗಿಲ್ಲ. ರೇಸಿಂಗ್ ಹಿಡಿತ ಬೇಕು ನನಗೆ."

ಅವನು ನನ್ನ ಮುಖ ನೋಡಲಿಲ್ಲ. ಹೊಟ್ಟೆ ನೋಡಿದ. "ಆತು ಬಿಡ್ರಿ, ತಿಳೀತು" ಎಂದ.

ಮೊದಲು ಬ್ಯಾಟರಿಯ ತಂತಿ ಬಿಚ್ಚಿದ. ಆಮೇಲೆ ಅರ್ಧ ಗಂಟೆ ಏನೂ ಮಾಡದೆ ಚಹಾ ಕುಡಿದ. ಯಾಕೆಂದು ಕೇಳಿದರೆ, ಸ್ಟೀರಿಂಗಿನ ನಡುವೆ ಇರುವ ಏರ್‌ಬ್ಯಾಗಿನಲ್ಲಿ ಮದ್ದು ಇರುತ್ತದೆ, ಕರೆಂಟು ಪೂರ್ತಿ ಇಳಿಯುವ ತನಕ ಮುಟ್ಟಬಾರದು ಎಂದ. ಟ್ರ್ಯಾಕ್ಟರಿನ ಗೇರ್‌ಬಾಕ್ಸನ್ನು ಒದ್ದು ಬಿಚ್ಚುವ ಮನುಷ್ಯ ಆ ಏರ್‌ಬ್ಯಾಗನ್ನು ಎರಡೂ ಕೈಯಲ್ಲಿ ದೇವರ ಹಾಗೆ ಎತ್ತಿ ಹೊರಗೆ ತಂದು ಗೋಣಿಚೀಲದ ಮೇಲೆ ಅಂಗಾತ ಇಟ್ಟ.

"ಹೊಸದಕ್ಕೆ ಏರ್‌ಬ್ಯಾಗ್ ಇಲ್ಲೇನು?" ಎಂದೆ.

"ಇಲ್ರಿ. ನಿಮಗ್ಯಾಕ ಬೇಕ್ರಿ, ದೇವ್ರೇ ಕೊಟ್ಟಾನ." ತಾನೇ ನಕ್ಕು, ಮತ್ತೆ ಗಂಭೀರನಾದ. "ತಮಾಷಿ ಅಲ್ರಿ ಸಾವ್ಕಾರ್ರೆ. ಇದನ್ನ ತಗದ್ರ ನಿಮ್ಮ ಕಡಿ ಸೇಫ್ಟಿ ಹೋತು. ಈಗ್ಲೂ ಹಳೇದ್ನ ಕೂರಿಸಿಕೊಡ್ತೀನಿ, ಹೇಳ್ರಿ."

ಸೇಫ್ಟಿ ಎಂಬ ಮಾತು ನನಗೆ ಆ ಹೊತ್ತಿಗೆ ಬಹಳ ದೂರದ್ದು ಅನ್ನಿಸಿತು. ನಾಲ್ಕನೆಯ ಗುಂಡಿ ಹತ್ತಿರದ್ದು. ಮುಂದುವರಿಸು ಎಂದೆ.

ಹೊಸ ಸ್ಟೀರಿಂಗನ್ನು ನೇರವಾಗಿ ಕಂಬಿಗೆ ಕೂರಿಸಲು ಬರುವುದಿಲ್ಲ. ನಡುವೆ ಅಲ್ಯೂಮಿನಿಯಮ್ಮಿನ ದಪ್ಪ ಬಿಲ್ಲೆಯೊಂದನ್ನು ಹಾಕಬೇಕು. ಅದನ್ನು ಹಾಕಿ, ಸ್ಟೀರಿಂಗು ಬಿಗಿದು, ನನ್ನನ್ನು ಕೂರಿಸಿದ. ಕೂತೆ. ನಾಲ್ಕನೆಯ ಗುಂಡಿಯ ಹತ್ತಿರ ಒಂದು ಬೆರಳಿನಷ್ಟು ಜಾಗ ಇತ್ತು. ಅಷ್ಟೇ.

"ಇಷ್ಟೇನಾ?"

ಮೆಕ್ಯಾನಿಕ್ ಟೇಪು ಹಿಡಿದು ಅಳೆದ. "ಅಗಲ ಎರಡಿಂಚು ಕಮ್ಮಿ ಆಗೈತ್ರಿ. ಆದ್ರ ಈ ಬಿಲ್ಲಿ ಹಾಕಿದ್ದಕ್ಕ ಎರಡಿಂಚು ನಿಮ್ಮ ಕಡಿಗೆ ಬಂದೈತ್ರಿ."

ಚಿಕ್ಕದಾದ ಸ್ಟೀರಿಂಗು ಹತ್ತಿರ ಬಂದು ಕೂತಿತ್ತು. ಲೆಕ್ಕ ಸರಿಹೋಗಿತ್ತು. ಉಳಿದ ಒಂದು ಬೆರಳು ಆ ಚಪ್ಪಟೆ ಜಾಗದ್ದು. ತಿರುವಿನಲ್ಲಿ ಚಪ್ಪಟೆ ಜಾಗ ಪಕ್ಕಕ್ಕೆ ಹೋಗಿ, ಗುಂಡಗಿನ ಭಾಗ ಕೆಳಗೆ ಬಂದು ಹೊಟ್ಟೆಗೆ ಒರಗುತ್ತಿತ್ತು. ಅಂದರೆ ನೇರ ರಸ್ತೆಯಲ್ಲಿ ನಾನು ಉಸಿರಾಡಬಹುದಿತ್ತು. ತಿರುವು ಬಂದಾಗ ಉಸಿರು ಒಳಗೆಳೆದುಕೊಳ್ಳಬೇಕಿತ್ತು. ಇದನ್ನು ಮೆಕ್ಯಾನಿಕ್‌ಗೆ ಹೇಳಲಿಲ್ಲ. "ಭಾರಿ ಚೆನ್ನಾಗಿದೆ" ಎಂದೆ.

ಇನ್ನೂ ಮೂರು ಸಣ್ಣ ವಿಷಯಗಳಿದ್ದವು. ಏರ್‌ಬ್ಯಾಗ್ ಇಲ್ಲ ಎಂದು ಎದುರಿಗಿನ ಕೆಂಪು ದೀಪ ಆರದೆ ಉರಿಯುತ್ತಿತ್ತು. ಅದಕ್ಕೆ ನಾನೇ ಕಪ್ಪು ಟೇಪಿನ ತುಂಡು ಅಂಟಿಸಿದೆ. ಹಾರನ್ನಿನ ತಂತಿ ಹೊಸ ಸ್ಟೀರಿಂಗಿಗೆ ಕೂರಲಿಲ್ಲ. ಮೆಕ್ಯಾನಿಕ್ ಟ್ರ್ಯಾಕ್ಟರಿನ ಹಾರನ್ ಗುಂಡಿಯೊಂದನ್ನು ರೇಡಿಯೋದ ಪಕ್ಕದಲ್ಲಿ ಕೂರಿಸಿಕೊಟ್ಟ. ಇಂಡಿಕೇಟರು ತಿರುವು ಮುಗಿದ ಮೇಲೆ ತಾನೇ ಆರುವುದನ್ನು ಬಿಟ್ಟಿತು. ಇದು ನನಗೆ ಗೊತ್ತಾದದ್ದು ಒಂದು ವಾರದ ಮೇಲೆ. ಅಲ್ಲಿಯವರೆಗೆ ನಾನು ಊರಲ್ಲೆಲ್ಲ ಬಲಕ್ಕೆ ತಿರುಗುತ್ತೇನೆ ಎಂದು ಕಣ್ಣು ಹೊಡೆಯುತ್ತಾ ನೇರವಾಗಿ ಹೋಗುತ್ತಿದ್ದೆ.

ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಬಂದವರಿಗೆಲ್ಲ ಸ್ಟೀರಿಂಗು ತೋರಿಸಿದೆ. ಸ್ಪ್ರೇಯರಿನ ನಾಜಲು ಕೊಳ್ಳಲು ಬಂದಿದ್ದ ರೈತರೊಬ್ಬರು ಕಿಟಕಿಯಲ್ಲಿ ಬಗ್ಗಿ ಬಹಳ ಹೊತ್ತು ನೋಡಿದರು.

"ಕೆಳಗಡಿ ಮುರಿದಂಗೈತಲ್ರಿ?"

"ಮುರಿದಿಲ್ಲ, ಅದರ ಆಕಾರವೇ ಹಾಗೆ. ರೇಸಿನವರು ಇದನ್ನೇ ಹಾಕೋದು."

"ಓ," ಎಂದರು ಅವರು ಮರುಕದಿಂದ. "ಇರ್ಲಿ ಬಿಡ್ರಿ, ಮೇಲಗಡಿ ಗಟ್ಟಿ ಐತಲ್ಲ."

ಇಷ್ಟಾದ ಮೇಲೆ ನನಗೆ ಮಾವನವರಿಗೆ ಕಾರು ತೋರಿಸಬೇಕು ಅನ್ನಿಸಿತು. ಹೆಂಡತಿಯ ತಂದೆ ಸೊರಬದವರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿ, ಮಗ-ಸೊಸೆಯ ಜೊತೆ ಇದ್ದಾರೆ. ಮದುವೆಯಾದ ಹೊಸತರಲ್ಲಿ ನನ್ನ ಡ್ರೈವಿಂಗ್ ನೋಡಿ, "ಅಳಿಯಂದ್ರು ಅಂಗಡಿ ಚೆನ್ನಾಗಿ ನಡೆಸ್ತಾರೆ" ಎಂದು ಹೇಳಿದವರು ಅವರೇ. ಆ ಮಾತಿಗೆ ಇಪ್ಪತ್ತಾರು ವರ್ಷದಿಂದ ಉತ್ತರ ಹುಡುಕುತ್ತಿದ್ದೆ. ಒಂದು ಭಾನುವಾರ ಹೆಂಡತಿಯನ್ನು ಒಪ್ಪಿಸಿ ಹೊರಟೆ.

ಮೆಕ್ಕೆಜೋಳ ಬಿಡಿಸಿದ ಕಾಲ ಅದು. ಶಿಕಾರಿಪುರ ದಾಟಿದರೆ ರಸ್ತೆಯ ಅರ್ಧ ಕಾರಿಗೆ, ಇನ್ನರ್ಧ ಜೋಳಕ್ಕೆ. ಕಾಳು ಹರವಿ, ಅಂಚಿಗೆ ಕಲ್ಲಿಟ್ಟು, ಒಬ್ಬರು ಕೋಲು ಹಿಡಿದು ಕೂತಿರುತ್ತಾರೆ. ಎಲ್ಲರಿಗೂ ಗೊತ್ತಿರುವ ವ್ಯವಸ್ಥೆ. ಬಸ್ಸು, ಲಾರಿ, ಟ್ರ್ಯಾಕ್ಟರು ಎಲ್ಲ ಅದಕ್ಕೆ ಹೊಂದಿಕೊಂಡು ಹೋಗುತ್ತವೆ. ನಾನೂ ಹೊಂದಿಕೊಂಡೇ ಹೋಗುತ್ತಿದ್ದೆ. ಎಷ್ಟು ವೇಗದಲ್ಲಿದ್ದೆ ಎಂದು ಹೇಳಲಾರೆ. ಚಿಕ್ಕ ಸ್ಟೀರಿಂಗಿನ ಮೇಲಂಚು ಸ್ಪೀಡು ತೋರಿಸುವ ಮುಳ್ಳಿಗೆ ಅಡ್ಡ ಬರುತ್ತಿತ್ತು. ನಲವತ್ತರಿಂದ ತೊಂಬತ್ತರವರೆಗೆ ಏನೂ ಕಾಣುತ್ತಿರಲಿಲ್ಲ. ಎಂಬತ್ತು ಇರಬೇಕು ಎಂದು ನಾನು ಅಂದುಕೊಂಡಿದ್ದೆ. ಹಿಂದಿನಿಂದ ಬಂದ ಹಾಲಿನ ಟೆಂಪೋ ನಮ್ಮನ್ನು ದಾಟಿ ಹೋಯಿತು.

ಶಿರಾಳಕೊಪ್ಪಕ್ಕೆ ಇನ್ನು ಸ್ವಲ್ಪ ದೂರ ಇರುವಾಗ ಒಂದು ಎಡ ತಿರುವು ಬಂತು. ಎದುರಿಗೆ ಟ್ರೈಲರು ಎಳೆದುಕೊಂಡು ಟ್ರ್ಯಾಕ್ಟರು ಬರುತ್ತಿತ್ತು. ಎಡಗೈ ಹಾರನ್ ಗುಂಡಿಗೆ ಹೋಯಿತು. ಬಲಗೈಯಲ್ಲಿ ಸ್ಟೀರಿಂಗು ಎಡಕ್ಕೆ ತಿರುಗಿಸುತ್ತಾ ಉಸಿರು ಒಳಗೆಳೆದೆ. ಬೆಳಿಗ್ಗೆ ಐದು ಇಡ್ಲಿ ತಿಂದಿದ್ದೆ. ಉಸಿರು ಒಳಗೆ ಹೋಗಲು ಜಾಗ ಇರಲಿಲ್ಲ. ಅಂಗಿಯ ಗುಂಡಿ ಸ್ಟೀರಿಂಗಿನ ಕಡ್ಡಿಯ ತೂತಿಗೆ ಹೊಕ್ಕಿತು. ಎಡಕ್ಕೆ ತಿರುಗಿದ ಸ್ಟೀರಿಂಗು ಮತ್ತೆ ನೇರಕ್ಕೆ ಬರಲಿಲ್ಲ. ನಾನು ಎಳೆದೆ, ಅಂಗಿ ಎಳೆಯಿತು. ಟ್ರ್ಯಾಕ್ಟರು ತನ್ನ ಪಾಡಿಗೆ ದಾಟಿ ಹೋಯಿತು. ನಾವು ಎಡಕ್ಕೇ ಹೋಗಿ, ಕಲ್ಲೊಂದನ್ನು ತಪ್ಪಿಸಿ, ಒಟ್ಟಿದ್ದ ಜೋಳದ ರಾಶಿಯ ಮೇಲೆ ಹತ್ತಿ ನಿಂತೆವು. ಸದ್ದು ಕೂಡ ದೊಡ್ಡದಾಗಲಿಲ್ಲ. ಮಳೆ ಬಂದ ಹಾಗೆ ಕಾಳು ಸುರಿದ ಸದ್ದು ಅಷ್ಟೇ.

ಕೋಲು ಹಿಡಿದು ಕೂತಿದ್ದ ಹೆಂಗಸು ಎದ್ದು ಬಂದರು. ಅರವತ್ತರ ಆಸುಪಾಸು, ತಲೆಗೆ ಟವೆಲು ಸುತ್ತಿಕೊಂಡಿದ್ದರು.

"ಅಲ್ರೀ ಸಾವ್ಕಾರ್ರೆ, ರೋಡು ಇಷ್ಟಗಲ ಐತಿ, ನನ್ನ ಜೋಳಾನೇ ಬೇಕಿತ್ತೇನ್ರಿ?"

ತಪ್ಪು ನನ್ನದೇ ಎಂದು ಗೊತ್ತಿದ್ದರಿಂದ ನಾನು ಜೋರಾಗಿಯೇ ಮಾತಾಡಿದೆ. "ಜೋಳ ಒಣಗಿಸೋದು ರೋಡಿನ ಮೇಲೇನಮ್ಮ?"

"ಮತ್ತ ನಿಮ್ಮ ಮನಿ ಮಂಚದ ಮ್ಯಾಲ ಹಾಕ್ಲೇನು?"

ಪಕ್ಕದಲ್ಲಿ ಹೆಂಡತಿ ಮೆಲ್ಲಗೆ, "ಮೊದಲು ಗುಂಡಿ ಬಿಡಿಸ್ಕೊಳ್ರೀ" ಎಂದಳು. ಬಿಡಿಸಲು ಬರಲಿಲ್ಲ. ಅವಳೇ ಬಗ್ಗಿ ಹಲ್ಲಿನಿಂದ ದಾರ ಕಡಿದಳು. ಕಿಟಕಿಯ ಹೊರಗೆ ಆ ಹೊತ್ತಿಗೆ ಐದಾರು ಜನ ಸೇರಿದ್ದರು. ಗಂಡನ ಹೊಟ್ಟೆಯ ಹತ್ತಿರ ತಲೆಯಿಟ್ಟು ಮುಖ್ಯೋಪಾಧ್ಯಾಯಿನಿ ಏನು ಮಾಡುತ್ತಿದ್ದಾರೆ ಎಂದು ಎಲ್ಲರೂ ಬಗ್ಗಿ ನೋಡಿದರು. ಅವರಲ್ಲಿ ಒಬ್ಬ, "ಮೇಡಮ್ಮೋರೆ, ನಮಸ್ಕಾರ್ರಿ. ನನ್ನ ಮಗಳು ನಿಮ್ಮ ಸಾಲ್ಯಾಗೇ ಅದಾಳ್ರಿ" ಎಂದ. ಅವಳು ತಲೆಯೆತ್ತಿ, ಬಾಯಿಂದ ದಾರ ತೆಗೆದು, ನಮಸ್ಕಾರ ಮಾಡಿದಳು.

ಕಾರಿನ ಹೊಟ್ಟೆ ರಾಶಿಯ ಮೇಲೆ ಕೂತಿತ್ತು; ಚಕ್ರಗಳು ಕಾಳಿನಲ್ಲಿ ಸುಮ್ಮನೆ ತಿರುಗುತ್ತಿದ್ದವು. ಎತ್ತಿಯೇ ಇಳಿಸಬೇಕಿತ್ತು. ನಾಲ್ಕು ಜನ ಕೈ ಹಾಕಿದರು. "ಒಳಗಿರೋರು ಇಳೀರಿ ಮೊದ್ಲು" ಎಂದರು. ಹೆಂಡತಿ ಇಳಿದಳು. ನಾನು ಇಳಿದೆ. ನಾನು ಇಳಿದ ಕೂಡಲೇ ಕಾರು ತಾನೇ ಒಂದಿಷ್ಟು ಮೇಲೆದ್ದಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕಾರು ರಸ್ತೆಗೆ ಬಂದ ಮೇಲೆ ನಾವಿಬ್ಬರೂ ಕೂತು ಚೆಲ್ಲಿದ ಕಾಳನ್ನು ರಾಶಿಗೆ ಸೇರಿಸಿದೆವು. ಅರ್ಧ ಗಂಟೆ ಹಿಡಿಯಿತು. ಬಗ್ಗಿ ಏಳುವುದು ನನಗೆ ಎಷ್ಟು ಕಷ್ಟ ಎಂದು ಆ ಹೆಂಗಸು ನೋಡುತ್ತಲೇ ಇದ್ದರು. ಕೊನೆಗೆ, "ಸಾಕು ಬಿಡ್ರಿ, ನಿಮ್ಮನ್ನ ನೋಡಿ ನನಗ ದಮ್ಮು ಬರ್ತೈತಿ" ಎಂದು ಕುಡಿಯಲು ನೀರು ಕೊಟ್ಟರು.

ನಾನು ಮತ್ತೆ ಡ್ರೈವರ್ ಬಾಗಿಲ ಕಡೆ ಹೋದೆ. ಅಲ್ಲಿ ಹೆಂಡತಿ ಆಗಲೇ ಕೂತಿದ್ದಳು. ಅವಳಿಗೆ ಕಲಿಸಿದವರು ಅವಳ ಅಪ್ಪ. ಮದುವೆಗೆ ಮೊದಲೇ ಲೈಸೆನ್ಸು ತೆಗೆಸಿಕೊಟ್ಟಿದ್ದರು. ಅವಳು ಎದುರಿಗಿನದನ್ನೆಲ್ಲ ಒಂದೊಂದಾಗಿ ನೋಡುತ್ತಾ ಬಂದು, ಕಪ್ಪು ಟೇಪಿನ ಹತ್ತಿರ ನಿಂತಳು. ಉಗುರಿನಿಂದ ಕೆರೆದಳು. ಕೆಂಪು ದೀಪ ಕಾಣಿಸಿತು.

"ಇದೇನು?"

ನಾನು ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ, ಮುಚ್ಚಿಡಲು ಬೇರೆ ಟೇಪೂ ಇರಲಿಲ್ಲ.

"ನನ್ನ ಕಡೆಗೆ ಏರ್‌ಬ್ಯಾಗ್ ಇತ್ತಾ?"

"ಇತ್ತು."

"ನಿಮ್ಮ ಕಡೆಗೆ?"

"ಇಲ್ಲ."

ಅವಳು ಟೇಪನ್ನು ಪೂರ್ತಿ ಕಿತ್ತಳು. ಬಯ್ಯುತ್ತಾಳೆ ಎಂದುಕೊಂಡೆ. "ಹಂಗಾದ್ರೆ ಏನಾದ್ರೂ ಆಗಿದ್ರೆ ನಾನೊಬ್ಬಳೇ ಮನೆಗೆ ಹೋಗಬೇಕಿತ್ತು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ಮುಗಿಸಿ ಅವಳು ಕಾರು ಶುರು ಮಾಡಿದಳು. ಶಿರಾಳಕೊಪ್ಪದವರೆಗೆ ನಾನು ಬಾಯಿ ಬಿಡಲಿಲ್ಲ. ನನ್ನ ಅಂಗಿ ನಾಲ್ಕನೆಯ ಗುಂಡಿಯ ಜಾಗದಲ್ಲಿ ಬಾಯಿ ಬಿಟ್ಟುಕೊಂಡಿತ್ತು.

ಅಲ್ಲಿಂದ ಸೊರಬದವರೆಗೆ ಅವಳು ಬಹಳ ನಿಧಾನವಾಗಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಓಡಿಸಿದಳು. ಪ್ರತಿ ತಿರುವಿನ ನಂತರ ಇಂಡಿಕೇಟರನ್ನು ಕೈಯಿಂದಲೇ ಆರಿಸಿದಳು. ಹಾಗೆ ಮಾಡಬೇಕು ಎಂದು ನಾನು ಹೇಳಿರಲಿಲ್ಲ.

ಮಾವನವರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಮಗಳು ಬಲಗಡೆ ಬಾಗಿಲಿನಿಂದ ಇಳಿದದ್ದನ್ನು ನೋಡಿ ಎದ್ದು ನಿಂತರು. ಆಮೇಲೆ ಎಡಗಡೆಯಿಂದ ನಾನು, ಒಂದು ಗುಂಡಿ ಇಲ್ಲದೆ, ಪ್ಯಾಂಟಿನ ಮಡಿಕೆಯಿಂದ ಜೋಳದ ಕಾಳು ಉದುರಿಸುತ್ತಾ ಇಳಿದೆ.

"ಬನ್ನಿ ಅಳಿಯಂದ್ರೆ. ಎಂತ, ಸಂತೆಗೆ ಹೋಗಿ ಬಂದ್ರಾ?"

ಹೆಂಡತಿ ನಡೆದದ್ದನ್ನೆಲ್ಲ ಹೇಳಿದಳು. ಅವರು ನಗದೆ ಕೇಳಿದರು. ಕಾರಿನ ಹತ್ತಿರ ಬಂದು, ಬಾಗಿಲು ತೆಗೆದು, ಸ್ಟೀರಿಂಗನ್ನು ಅಂಗೈಯಿಂದ ಮುಟ್ಟಿ ನೋಡಿದರು.

"ಇದೆಂತ ಮಾರಾಯ್ರೆ, ತಿಂಡಿ ಪ್ಲೇಟಿನಷ್ಟಿದೆ. ನಮ್ಮ ಬಸ್ಸಿಂದು ಇಷ್ಟಿರ್ತಿತ್ತು." ಎರಡೂ ಕೈ ಅಗಲಿಸಿ ತೋರಿಸಿದರು. "ಹಳೇದಕ್ಕೆ ಏನಾಗಿತ್ತು?"

ರೇಸಿಂಗ್ ಹಿಡಿತ ಎಂದು ಶುರು ಮಾಡಿದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದೆ. "ಹೊಟ್ಟೆಗೆ ತಾಗ್ತಿತ್ತು ಮಾವ" ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅಷ್ಟೇನೂ ದೊಡ್ಡ ವಿಷಯ ಅನ್ನಿಸಲಿಲ್ಲ.

"ಅದಕ್ಕೆ ಸ್ಟೀರಿಂಗ್ ಯಾಕೆ ಬಿಚ್ಚಬೇಕು? ಸೀಟು ಹಿಂದೆ ಹಾಕೋದಲ್ವಾ?"

"ಹೋಗೋದಿಲ್ಲ. ಸ್ಪೋರ್ಟ್ಸ್ ಕಾರಿಂದು ಹಾಗೇ."

"ಹಾಗೆ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅವರು ಪಂಚೆ ಎತ್ತಿಕಟ್ಟಿ, ಅಂಗಳದಲ್ಲಿ ಮೊಣಕಾಲೂರಿ, ಸೀಟಿನ ಹಿಂದೆ ಕೈ ಹಾಕಿದರು. ಎಪ್ಪತ್ತೆಂಟರ ಮನುಷ್ಯ. ಮುಖ ಆಕಾಶದ ಕಡೆ, ಬೆರಳು ಒಳಗೆಲ್ಲೋ ತಡಕಾಡುತ್ತಿತ್ತು. "ಎಂತದೋ ಇದೆ" ಎಂದರು. ಎಳೆದರು. ಬರಲಿಲ್ಲ. ಅಡ್ಡ ತಿರುಗಿಸಿ ಮತ್ತೆ ಎಳೆದರು. ಸೀಟಿನ ಹಳಿಯೊಳಗಿಂದ ಮಡಚುವ ಕೊಡೆಯೊಂದು ಹೊರಗೆ ಬಂತು. ನೀಲಿ ಬಣ್ಣದ್ದು, ಎರಡು ಕಡ್ಡಿ ಮುರಿದದ್ದು. ಹುಬ್ಬಳ್ಳಿಯ ಡೀಲರರದ್ದು ಇರಬೇಕು.

ಮಾವನವರು ಸರಳು ಎತ್ತಿದರು. ಸೀಟು ಸರ್ರನೆ ಒಂದು ಗೇಣು ಹಿಂದಕ್ಕೆ ಹೋಯಿತು.

ನನ್ನನ್ನು ಕೂರಿಸಿದರು. ಕೂತೆ. ಹೊಟ್ಟೆಯ ಮುಂದೆ ಅಂಗೈ ಆಡಿಸುವಷ್ಟು ಜಾಗ. ಒಳಗಿನಿಂದ ಬಂದ ಭಾವಮೈದ, ಅವನ ಹೆಂಡತಿ, ಪಕ್ಕದ ಮನೆಯವರು ಎಲ್ಲ ನೋಡುತ್ತಾ ನಿಂತಿದ್ದರು. ನಾನು, "ಹೌದಲ್ಲ" ಎಂದೆ. ಆಗ ಎಲ್ಲರೂ ನಕ್ಕರು. ಮಾವನವರು ಮಾತ್ರ ಕೊಡೆ ಬಿಚ್ಚಿ, "ಬಟ್ಟೆ ಗಟ್ಟಿ ಇದೆ, ಕಡ್ಡಿ ಹಾಕಿಸಿದ್ರೆ ಆಗ್ತದೆ" ಎಂದು ಒಳಗೆ ತೆಗೆದುಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಮೆಕ್ಯಾನಿಕ್ ಹತ್ತಿರ ಹೋದೆವು. ಹೆಂಡತಿ ಶಾಲೆಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ನಾನು ದಾರಿಯಲ್ಲಿ ಮನಸ್ಸು ಬದಲಾಯಿಸಬಹುದು ಎಂಬ ಅನುಮಾನ ಅವಳಿಗೆ. ಮೆಕ್ಯಾನಿಕ್ ಹಳೆಯ ಸ್ಟೀರಿಂಗನ್ನೂ ಏರ್‌ಬ್ಯಾಗನ್ನೂ ಬಟ್ಟೆ ಸುತ್ತಿ ಬೀರುವಿನಲ್ಲಿ ಜೋಪಾನ ಮಾಡಿದ್ದ.

"ನೀವು ಬರ್ತೀರಿ ಅಂತ ಗೊತ್ತಿತ್ರಿ" ಎಂದ. "ಆದ್ರ ಇಷ್ಟು ಲಗೂ ಬರ್ತೀರಿ ಅಂತ ಗೊತ್ತಿರ್ಲಿಲ್ಲ."

ಮತ್ತೆ ಬ್ಯಾಟರಿ ಬಿಚ್ಚಿ, ಮತ್ತೆ ಚಹಾ ಕುಡಿದು, ಹಳೆಯದನ್ನು ಕೂರಿಸಿದ. ಕೆಂಪು ದೀಪ ಒಮ್ಮೆ ಹತ್ತಿ ತಾನೇ ಆರಿತು. ಇಂಡಿಕೇಟರೂ ಆರಿತು. ಸ್ಟೀರಿಂಗಿನ ನಡುವೆ ಒತ್ತಿದರೆ ಹಾರನ್ ಕೂಗಿತು. ಚಿಕ್ಕ ಸ್ಟೀರಿಂಗು ಬೇಕಾ ಎಂದು ಕೇಳಿದ. ಬೇಡ ಎಂದೆ. ಅವನು ಅದನ್ನು ತನ್ನ ಹಳೆಯ ಜೀಪಿಗೆ ಹಾಕಿಕೊಂಡು, ತಿರುಗಿಸಲು ಬಹಳ ಬಿಗಿ ಎಂದು ಒಂದೇ ದಿನಕ್ಕೆ ಬಿಚ್ಚಿದ ಎಂದು ಆಮೇಲೆ ತಿಳಿಯಿತು.

ಆ ವಾರದ ಬುಧವಾರ ಹಳೆಯ ಚಿಕ್ಕ ಕಾರು ಸರ್ವೀಸಿಗೆ ಹೋಗಿತ್ತು. ಹೆಂಡತಿ ಬೇರೆ ದಾರಿಯಿಲ್ಲದೆ ಕೆಂಪು ಕಾರು ತೆಗೆದುಕೊಂಡು ಶಾಲೆಗೆ ಹೋದಳು. ಸಂಜೆ ಬಂದವಳು, ಮಕ್ಕಳು ಪ್ರಾರ್ಥನೆಯ ಸಾಲು ಬಿಟ್ಟು ಓಡಿಬಂದದ್ದು, ಐದನೆಯ ತರಗತಿಯವರು ಅದನ್ನು ಅಳತೆಯ ಪಾಠಕ್ಕೆ ಸ್ಕೇಲಿನಿಂದ ಅಳೆದದ್ದು, ಬಿಸಿಯೂಟದ ಅಡುಗೆಯವರು ಒಳಗೆ ಕೂತು ಫೋಟೋ ತೆಗೆಸಿಕೊಂಡದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಚಿಕ್ಕ ಕಾರು ಸರ್ವೀಸಿನಿಂದ ಗುರುವಾರವೇ ಬಂತು. ಶುಕ್ರವಾರವೂ ಅವಳು ಕೆಂಪು ಕಾರಿನ ಕೀಲಿಯನ್ನೇ ಕೇಳಿದಳು. ನಾನು ಕೊಟ್ಟೆ.

ಈಗ ನಾನು ಅಂಗಡಿಗೆ ಚಿಕ್ಕ ಕಾರಿನಲ್ಲಿ ಹೋಗುತ್ತೇನೆ. ಡಾಕ್ಟರನ್ನು ನೋಡಲು ಹೋದಾಗ ಅವರು ತೂಕ ನೋಡಿ, ಏನೂ ಬದಲಾಗಿಲ್ಲವಲ್ಲ ಎಂದರು. ಇಲ್ಲ ಎಂದೆ. ಸೊರಬಕ್ಕೆ ಹೋಗುವಾಗ ಮಾತ್ರ ಇಬ್ಬರೂ ಕೆಂಪು ಕಾರಿನಲ್ಲಿ ಹೋಗುತ್ತೇವೆ, ಅವಳು ಬಲಗಡೆ, ನಾನು ಎಡಗಡೆ, ತರಕಾರಿ ಚೀಲ ನನ್ನ ತೊಡೆ ಮೇಲೆ. ಕಳೆದ ತಿಂಗಳು ಹೀಗೆ ಹೋಗುವಾಗ ಬಳ್ಳಿಗಾವಿಯ ಆಚೆ ರಸ್ತೆ ಖಾಲಿ ಇತ್ತು. ಅವಳು ಹಿಂದೆ ಮುಂದೆ ನೋಡಿ, ಗೇರು ಇಳಿಸಿ, ಕಾಲು ಒತ್ತಿದಳು. ಆ ಕಾರಿಗೆ ಅಂಥದೊಂದು ಸದ್ದು ಮಾಡಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಭಯನಾ?" ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ.

"ಇಲ್ಲ, ಹೋಗು" ಎಂದೆ.